ಗೂಟವಿಲ್ಲದ ಬೀಸುಕಲ್ಲು

ಇಂಥ ಸಂಗತಿಗಳನ್ನು ಬೇರೆಯವರು ಹೇಳಿದಾಗ ನಾನು ಎಂದೂ ನಂಬಿದವಳಲ್ಲ. ಅದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಅಡುಗೆಮನೆಯಲ್ಲಿ ತಟ್ಟೆ ಬಿದ್ದ ಸದ್ದಾದರೆ ಎದ್ದುಹೋಗಿ ಬೆಕ್ಕನ್ನು ಹುಡುಕುವವಳು ನಾನು. ಬೆಕ್ಕು ಸಿಗದಿದ್ದರೆ ಕಿಟಕಿಯ ಚಿಲಕ ನೋಡುತ್ತೇನೆ. ನಮ್ಮ ಓಣಿಯಲ್ಲಿ ಯಾರಾದರೂ ಹುಣಸೆಮರದ ಕೆಳಗೆ ಏನನ್ನೋ ಕಂಡೆವೆಂದು ಬಂದರೆ, ಎಲ್ಲಿಂದ ಬರುತ್ತಿದ್ದಿರಿ, ಏನು ಕುಡಿದು ಬರುತ್ತಿದ್ದಿರಿ ಎಂದು ಕೇಳುವುದು ನನ್ನ ರೂಢಿ. ಅನುಮಾನ ನನ್ನ ಹುಟ್ಟುಗುಣ. ಈಗ ಹೇಳಲಿರುವ ಸಂಗತಿಯಲ್ಲಿಯೂ ನಾನು ಮನುಷ್ಯರ ಮೇಲೆಯೇ ಅನುಮಾನ ಪಟ್ಟೆ, ಒಬ್ಬರಾದ ಮೇಲೆ ಒಬ್ಬರ ಮೇಲೆ. ಇವತ್ತಿಗೂ ಪಡುತ್ತಿದ್ದೇನೆ. ಆದರೂ ತಾಳೆ ಬೀಳುತ್ತಿಲ್ಲ.

ನಮ್ಮೂರು ಕಬ್ಬೂರಿನಿಂದ ರಾಯಬಾಗದ ಕಡೆ ಹೋಗುವಾಗ ಕಬ್ಬಿನ ಹೊಲಗಳ ನಡುವೆ ಸಿಗುತ್ತದೆ. ಊರಿನ ಹಳೆಯ ಚಾವಡಿ ಬಹಳ ವರ್ಷ ಹಾಳುಬಿದ್ದಿತ್ತು. ಒಳಗೆ ಆಡು ಕಟ್ಟುತ್ತಿದ್ದರು. ಶಾಲೆಯಲ್ಲಿ ಚಿತ್ರಕಲೆ ಕಲಿಸಿ ನಿವೃತ್ತರಾದ ಭೀಮಪ್ಪ ಮಾಸ್ತರರು ನಮ್ಮೂರ ನಾಟಕ ಸಂಘದ ಹಿರಿಯರು. ಸಂಘದ ಕಿರೀಟ, ಗದೆ, ಪರದೆಗಳನ್ನು ಇಡಲು ಜಾಗ ಬೇಕೆಂದು ಅವರೇ ಪಂಚಾಯಿತಿಯನ್ನು ಕೇಳಿ ಚಾವಡಿ ಪಡೆದರು. ಆಮೇಲೆ ಅವರಿಗೆ ಇನ್ನೊಂದು ಹುಚ್ಚು ಹತ್ತಿತು. ಮನೆಮನೆಗೆ ಹೋಗಿ, ಅಟ್ಟದ ಮೇಲೆ, ದನದ ಕೊಟ್ಟಿಗೆಯಲ್ಲಿ ಬಿದ್ದಿದ್ದ ಹಳೆಯ ಕೊಳಗ, ಬಾವಿಯ ರಾಟೆ, ಎತ್ತಿನ ಗೆಜ್ಜೆಸರ, ತೊಟ್ಟಿಲು, ಕಂದೀಲುಗಳನ್ನು ಕೇಳಿ ತಂದು ಒಳಕೋಣೆಯಲ್ಲಿ ಜೋಡಿಸಿದರು. ಬಾಗಿಲ ಮೇಲೆ ‘ಗ್ರಾಮ ವಸ್ತು ಸಂಗ್ರಹಾಲಯ’ ಎಂದು ತಾವೇ ಬಣ್ಣದಲ್ಲಿ ಬರೆದರು. ಊರವರು ಮಾತ್ರ ಅದನ್ನು ಹಳೇ ಸಾಮಾನಿನ ಮನಿ ಎನ್ನುತ್ತಾರೆ. ಮುಂದಿನ ಅಂಗಳದಲ್ಲಿ ನಾಟಕದ ತಾಲೀಮು ನಡೆಯುತ್ತದೆ. ಆಗೊಮ್ಮೆ ಈಗೊಮ್ಮೆ ಹಾಡಿನ ಕಾರ್ಯಕ್ರಮ, ಶಾಲೆಯವರ ಚಿತ್ರಗಳ ಪ್ರದರ್ಶನ.

ನನ್ನ ಮನೆ ಚಾವಡಿಯ ಎದುರಿಗೇ ಇರುವುದರಿಂದ ಕೀಲಿಕೈ ನನ್ನ ಪಾಲಿಗೆ ಬಂತು. “ಅಕ್ಕಾರ, ನೀವ ಎಲ್ಲಾ ಜ್ವಾಕಿ ಮಾಡಾವ್ರು. ನಿಮ್ಮ ಕಡೇನ ಇರ್ಲಿ” ಎಂದರು ಮಾಸ್ತರರು. ಬೆಳಿಗ್ಗೆ ನಮ್ಮ ಅಂಗಳ ಗುಡಿಸಿ, ನೀರು ಚೆಲ್ಲಿ, ರಂಗೋಲಿ ಎಳೆದ ಮೇಲೆ ಅದೇ ಕಸಬರಿಗೆ ಹಿಡಿದು ಅಲ್ಲಿಗೆ ಹೋಗುತ್ತೇನೆ. ಕೋಣೆ ತೆರೆದು, ಕಸ ಹೊಡೆದು, ವಸ್ತುಗಳ ಮೇಲಿನ ದೂಳು ಒರೆಸಿ ಬರುವುದು ದಿನದ ಕೆಲಸವಾಯಿತು. ಯಾವ ವಸ್ತು ಯಾವ ಮಗ್ಗುಲಾಗಿ ಕೂತಿದೆ, ಯಾವ ಮೂಲೆಯಲ್ಲಿ ಜೇಡ ಬಲೆ ಕಟ್ಟುತ್ತದೆ, ಎಲ್ಲವೂ ನನ್ನ ಕಣ್ಣಿಗೆ ಗೊತ್ತು. ಈ ಮಾತನ್ನು ಹೇಳುವುದು ಬಡಾಯಿಗಲ್ಲ, ಮುಂದೆ ಅದು ಬೇಕಾಗುತ್ತದೆ.

ಆ ಕೋಣೆಯಲ್ಲಿ ಒಂದು ಬೀಸುಕಲ್ಲು ಇದೆ. ಅದರ ಕತೆ ಊರಿಗೆಲ್ಲ ಗೊತ್ತು. ನಮ್ಮ ಓಣಿಯ ಕೊನೆಯ ಮನೆಯಲ್ಲಿ ಅಣ್ಣತಮ್ಮಂದಿರು ಬೇರೆಯಾದಾಗ ಹೊಲ, ಎತ್ತು, ಹಂಡೆ, ಕೊಡ ಎಲ್ಲವನ್ನೂ ಜಗಳವಿಲ್ಲದೆ ಪಾಲು ಮಾಡಿಕೊಂಡರು. ಬೀಸುಕಲ್ಲಿನ ವಿಷಯಕ್ಕೆ ಬಂದಾಗ ಅವರ ಹೆಂಡಿರು, ನೆಗೆಣ್ಣಿಯರು, ಇಬ್ಬರೂ ಬಿಡಲಿಲ್ಲ. ಅತ್ತೆ ಬೀಸಿದ ಕಲ್ಲು, ಹಿರಿಯಳಾದ ನನಗೆ ಬರಬೇಕು ಎಂದಳು ಪಾರವ್ವ. ಅತ್ತೆಯನ್ನು ಕೊನೆಯವರೆಗೆ ನೋಡಿಕೊಂಡವಳು ನಾನು ಎಂದಳು ಕಿರಿಯವಳಾದ ಶಾಲನ್. ಶಾಲನ್ ಕಾಗವಾಡದ ಕಡೆಯ ಹೆಣ್ಣುಮಗಳು. ಸಿಟ್ಟು ಬಂದರೆ ಮರಾಠಿಗೆ ಇಳಿಯುತ್ತಾಳೆ. ಮಾತು ಮುಗಿಯದೆ ಒಂದು ಮುಂಜಾನೆ ಅವಳು ಮೇಲಿನ ಕಲ್ಲನ್ನು ಎತ್ತಿಸಿಕೊಂಡು ಹೋಗಿಬಿಟ್ಟಳು. ಕೆಳಗಿನ ಕಲ್ಲು ಪಾರವ್ವನ ಪಾಲಿಗೆ ಉಳಿಯಿತು.

ಅರ್ಧ ಬೀಸುಕಲ್ಲಿನಿಂದ ಯಾರಿಗೆ ಏನು ಉಪಯೋಗ? ಪಾರವ್ವ ತನ್ನ ಅರ್ಧವನ್ನು ಬಚ್ಚಲ ಮುಂದೆ ಕಾಲು ತಿಕ್ಕಲು ಹಾಕಿಕೊಂಡಳು. ಶಾಲನ್ ತನ್ನ ಅರ್ಧದ ತೂತಿನಲ್ಲಿ ಮಾಳಿಗೆಯ ಮೇಲೆ ಟಿವಿ ಡಿಶ್ಶಿನ ಕೊಳವೆ ನಿಲ್ಲಿಸಿದಳು. ಅಂದಿನಿಂದ ಇಬ್ಬರಿಗೂ ಮಾತಿಲ್ಲ. ಗಂಡಂದಿರು ಒಂದೇ ಟ್ರ್ಯಾಕ್ಟರಿನಲ್ಲಿ ಕಬ್ಬು ಹೇರಿಕೊಂಡು ಹೋಗುತ್ತಾರೆ, ಮಕ್ಕಳು ಒಂದೇ ತಟ್ಟೆಯಲ್ಲಿ ಉಂಡು ಬೆಳೆದರು. ಇವರಿಬ್ಬರು ಮಾತ್ರ ಮದುವೆಮನೆಯಲ್ಲಿ ಎದುರಾದರೂ ಗೋಡೆ ನೋಡುತ್ತಾರೆ.

ಮಾಸ್ತರರು ಒಬ್ಬೊಬ್ಬರ ಮನೆಗೂ ಬೇರೆಬೇರೆಯಾಗಿ ಹೋಗಿ, ಎರಡೂ ಅರ್ಧಗಳನ್ನು ಕೇಳಿ ತಂದು ಒಂದರ ಮೇಲೊಂದು ಕೂಡಿಸಿದರು. ಕೂಡಿಸಿದ ದಿನವೇ ಪಾರವ್ವ ಬಂದು ನೋಡಿದಳು.

“ನಂದ ಕೆಳಗ, ಆಕೀದ ಮ್ಯಾಲ. ಇಲ್ಲಿ ಬಂದೂ ಆಕೀನ ನನ್ನ ತೆಲಿ ಮ್ಯಾಲ ಕುಂದರಬೇಕೇನ್ರಿ ಮಾಸ್ತರ?”

ಸಂಜೆಗೆ ಶಾಲನ್ ಬಂದಳು. “ತಿರಗೂದು ನಂದು, ಕುಂತ ಉಣ್ಣೂದು ಅಕೀದು. ಮೊದಲಿಂದ ಹಂಗ ಐತಿ ವೈನಿ, ಹೊಸಾದೇನ ಅಲ್ಲ” ಎಂದು ನನಗೆ ಹೇಳಿ ಹೋದಳು.

ಕಲ್ಲಿಗೆ ಗೂಟ ಇರಲಿಲ್ಲ. ಹಿಡಿದು ತಿರುಗಿಸುವ ಕಟ್ಟಿಗೆಯ ಗೂಟ ಎಂದೋ ಮುರಿದು ಒಲೆಗೆ ಹೋಗಿತ್ತು. ಹೊಸದನ್ನು ಮಾಡಿಸಬೇಕೆಂದು ಮಾಸ್ತರರು ಬಡಿಗನಿಗೆ ಹೇಳಿದ್ದರು. ಅವನು ಬರುವುದರೊಳಗೆ ಗೂಟದ ತೂತಿನಲ್ಲಿ ಕುಂಬಾರ ಹುಳವೊಂದು ಮಣ್ಣು ತಂದು ತಂದು ಗೂಡು ಕಟ್ಟಿ, ಬಾಯಿ ಮೆತ್ತಿಬಿಟ್ಟಿತು. ಅಂಥ ಗೂಡನ್ನು ಒಡೆಯಬಾರದು, ಒಳಗೆ ಮರಿ ಇರುತ್ತದೆ ಎಂದು ನಮ್ಮವ್ವ ಹೇಳುತ್ತಿದ್ದಳು. ಮರಿ ಹಾರಿಹೋದ ಮೇಲೆ ಗೂಟ ಹಾಕಿದರಾಯಿತು ಎಂದು ನಾನು ಬಡಿಗನನ್ನು ತಿರುಗಿ ಕಳಿಸಿದೆ.

ಹೀಗಿರುವಾಗ ಒಂದು ಬೆಳಿಗ್ಗೆ ಕೋಣೆ ತೆರೆದು ಒರೆಸಲು ಬಗ್ಗಿದೆ. ಎರಡು ಕಲ್ಲು ಕೂಡುವ ಸಂದಿಯ ಸುತ್ತ ಬಿಳಿಯ ಗೆರೆ ಇತ್ತು. ಗೋಡೆಯ ಸುಣ್ಣ ಉದುರಿರಬೇಕು ಎಂದುಕೊಂಡೆ. ಆದರೆ ಗೋಡೆ ದೂರ. ಬೆರಳಲ್ಲಿ ತೆಗೆದು ನಾಲಿಗೆಗೆ ಹಚ್ಚಿ ನೋಡಿದೆ. ಜೋಳದ ಹಿಟ್ಟು. ಇಷ್ಟು ವರ್ಷ ರೊಟ್ಟಿ ಬಡಿದವಳಿಗೆ ಜೋಳದ ಹಿಟ್ಟು ಗೊತ್ತಾಗದೆ ಇರುತ್ತದೆಯೇ?

ನನಗೆ ಮೊದಲು ಬಂದ ವಿಚಾರ ಇಲಿಯದ್ದು. ಆದರೆ ಇಲಿ ಹಿಟ್ಟು ತಿನ್ನುತ್ತದೆ, ತಂದು ಸುತ್ತಲೂ ಸಮನಾಗಿ ಹಾಕುವುದಿಲ್ಲ. ಒರೆಸಿ ಸುಮ್ಮನಾದೆ. ಕೆಲವು ದಿನ ಬಿಟ್ಟು ಮತ್ತೆ ಬಿತ್ತು. ಆಮೇಲೆ ಇನ್ನೊಮ್ಮೆ. ಈ ಸಲ ಗೆರೆಯಲ್ಲ, ಅಂಚಿನಿಂದ ನೆಲಕ್ಕೆ ಇಳಿದಿತ್ತು. ಬೀಗ ಮಾತ್ರ ನಾನು ಹಾಕಿದ ಹಾಗೆಯೇ ಇತ್ತು. ಗೂಟದ ತೂತನ್ನು ನೋಡಿದೆ. ಮಣ್ಣಿನ ಗೂಡು ಹಾಗೆಯೇ ಇತ್ತು, ಒಂದು ಬಿರುಕೂ ಇಲ್ಲದೆ.

ನನ್ನ ಅನುಮಾನ ಮಾಸ್ತರರ ಮೇಲೆ ಹೋಯಿತು. ಅವರು ನಾಟಕದವರು. ಆಗ ಒಂದು ಕಾರ್ಯಕ್ರಮಕ್ಕೆ ತಯಾರಿ ನಡೆದಿತ್ತು: ಊರ ಹೆಂಗಸರಿಂದ ಬೀಸುವ ಪದ, ಅದರ ನಡುವೆ ಸಂಘದವರ ಒಂದು ಸಣ್ಣ ನಾಟಕ. ನಾಟಕದಲ್ಲಿ ಇಬ್ಬರು ನೆಗೆಣ್ಣಿಯರು ಎದುರುಬದುರು ಕೂತು ಬೀಸುವ ದೃಶ್ಯವೂ ಇತ್ತು. ಯಾರನ್ನು ನೋಡಿ ಬರೆದಿದ್ದಾರೆಂದು ಯಾರೂ ಕೇಳಬೇಕಾಗಿರಲಿಲ್ಲ. ಕಲ್ಲು ತಾನೇ ಬೀಸುತ್ತದೆ ಎಂಬ ಸುದ್ದಿ ಹಬ್ಬಿದರೆ ಸುತ್ತಲ ಊರಿನವರೂ ಟ್ರ್ಯಾಕ್ಟರ್ ಕಟ್ಟಿಕೊಂಡು ಬರುತ್ತಾರಲ್ಲ! ನಾನು ನೇರವಾಗಿ ಕೇಳದೆ, “ಮಾಸ್ತರ, ಚಾವಡಿದು ಹಳೇ ಕೀಲಿಕೈ ಮತ್ತೊಂದ ಎಲ್ಲಿ ಐತ್ರಿ?” ಎಂದೆ. “ಮತ್ತೊಂದ ಇತ್ತೇನ್ರಿ?” ಎಂದು ಅವರೇ ನನ್ನನ್ನು ಕೇಳಿದರು. ಮುಖದಲ್ಲಿ ಏನೂ ಕಾಣಲಿಲ್ಲ. ಆದರೆ ವೇಷ ಹಾಕುವವರ ಮುಖ ನೋಡಿ ಏನು ತಿಳಿಯುತ್ತದೆ?

ಮನೆಯಲ್ಲಿ ನಮ್ಮವರಿಗೆ ಹೇಳಿದೆ. “ನೀನ ಬೀಸಿ ಮರತಿರಬೇಕ ನೋಡ” ಎಂದು ನಕ್ಕು ಹೊಲಕ್ಕೆ ಹೋದರು. ಹೊಟ್ಟೆಯಲ್ಲಿ ಇಟ್ಟುಕೊಳ್ಳಲಾಗದೆ ಶಾಲನ್‌ಳ ಕಿವಿಗೆ ಹಾಕಿದೆ. ಅವಳು ಬಾಯಿ ಬಿಟ್ಟರೆ ಏನು ಗೊತ್ತಾಗುತ್ತದೋ ನೋಡೋಣ ಎಂದು ನನ್ನ ಎಣಿಕೆ. ಅವಳು ಕಣ್ಣು ಅಗಲಿಸಿ, “ತೀಚ! ಅಕೀನ ವೈನಿ! ನನ್ನ ಕಲ್ಲ ತಿರಿವ್ಯಾಕತ್ತಾಳ ಅಕೀ!” ಎಂದಳು. ಮರುದಿನ ಪಾರವ್ವ ಸೆರಗು ಬಿಗಿದುಕೊಂಡು ನಮ್ಮ ಅಂಗಳಕ್ಕೆ ಬಂದಳು.

“ಏನ ಬೇ ತಂಗಿ, ನಾನೇನ ಹಿಟ್ಟಿಗೆ ಗತಿ ಇಲ್ಲದಾಕೀನಾ? ಆಕೀನ ಬಂದ ನನ್ನ ಕಲ್ಲ ಸವಸಾಕತ್ತಾಳ. ಸವದ ಮ್ಯಾಲ ಮುರದೈತಿ ಅಂತಾಳ. ಆಕೀ ಬುದ್ಧಿ ನನಗ ಗೊತ್ತಿಲ್ಲೇನ?”

ಕೊನೆಗೆ ಇಬ್ಬರೂ ಮಾಸ್ತರರಿಗೆ ಒಂದೇ ಮಾತು ಹೇಳಿಕಳಿಸಿದರು. ಒಬ್ಬರಿಗೊಬ್ಬರು ಕೇಳಿಕೊಂಡು ಹೇಳಿದ್ದಲ್ಲ, ಆದರೂ ಒಂದೇ ಮಾತು: ಯಾರು ಬೀಸುತ್ತಿದ್ದಾರೆಂದು ಕಾರ್ಯಕ್ರಮ ಮುಗಿಯುವುದರೊಳಗೆ ಗೊತ್ತಾಗಬೇಕು, ಇಲ್ಲದಿದ್ದರೆ ನಮ್ಮ ಕಲ್ಲು ನಾವು ಒಯ್ಯುತ್ತೇವೆ. ಅರ್ಧರ್ಧ ಮತ್ತೆ ಬಚ್ಚಲಿಗೆ, ಮಾಳಿಗೆಗೆ.

ಅಷ್ಟೇ ಆಗಿದ್ದರೆ ನನಗೇನು? ಆದರೆ ಊರು ಈಗ ನನ್ನತ್ತ ನೋಡತೊಡಗಿತು. ಕೀಲಿಕೈ ಯಾರ ಸೊಂಟದಲ್ಲಿದೆ? ನನ್ನ ಸೊಂಟದಲ್ಲಿ. ಗಿರಣಿಗೆ ಹಿಟ್ಟು ಹಾಕಿಸಲು ಹೋದರೆ ಪಾಳಿಯಲ್ಲಿ ನಿಂತವರೊಬ್ಬರು, “ಅಕ್ಕಾರ, ನೀವ್ಯಾಕ ಗಿರಣಿಗಿ ಬಂದ್ರಿ? ನಿಮ್ಮ ಹಳೇ ಸಾಮಾನಿನ ಮನ್ಯಾಗ ಪುಕ್ಕಟ ಬೀಸತೈತಲ್ಲ!” ಎಂದರು. ಎಲ್ಲರೂ ನಕ್ಕರು. ನಾನೂ ನಕ್ಕೆ. ಆದರೆ ಡಬ್ಬಿ ಹೊತ್ತು ಮನೆಗೆ ಬರುವಾಗ ಮುಖ ಉರಿಯುತ್ತಿತ್ತು. ತಾನೇ ಬೀಸಿ ಊರಿಗೆ ದೆವ್ವ ತೋರಿಸುತ್ತಿದ್ದಾಳೆ ಎಂಬ ಮಾತೂ ಕಿವಿಗೆ ಬಿತ್ತು. ಕೀಲಿಕೈ ಹೋದರೆ ಹೋಗಲಿ, ಸುಳ್ಳಿ ಎನ್ನಿಸಿಕೊಂಡು ಹೋಗಬಾರದು ಎಂದು ನಿರ್ಧಾರ ಮಾಡಿದೆ.

ಚಿಕ್ಕೋಡಿಯ ಸಂತೆಗೆ ಹೋದಾಗ ಹೊಸ ಬೀಗ ತಂದೆ. ಒಂದು ಕೀಲಿಕೈ ಸೊಂಟಕ್ಕೆ, ಇನ್ನೊಂದು ನಮ್ಮ ಜೋಳದ ಡಬ್ಬಿಯ ತಳಕ್ಕೆ. ಯಾರಿಗೂ ಹೇಳಲಿಲ್ಲ, ನಮ್ಮವರಿಗೂ ಇಲ್ಲ. ಸಂಜೆ ಬಾಗಿಲು ಹಾಕಿದ ಮೇಲೆ ಹೊಸ್ತಿಲ ಉದ್ದಕ್ಕೂ ರಂಗೋಲಿ ಪುಡಿಯ ತೆಳುವಾದ ಗೆರೆ ಎಳೆಯುತ್ತಿದ್ದೆ. ಕೊಂಡಿಗೆ ಬೀಗದ ಜೊತೆ ಒಂದು ನೂಲು ಸುತ್ತಿ ನನ್ನದೇ ಗಂಟು ಹಾಕುತ್ತಿದ್ದೆ. ಕೋಣೆಗೆ ಬೇರೆ ದಾರಿಯಿಲ್ಲ. ಸೂರಿನ ಕೆಳಗೆ ಒಂದು ಬೆಳಕಿಂಡಿ ಇದೆ, ಅದರಲ್ಲಿ ಪಾರಿವಾಳ ಕೂಡ ಕಷ್ಟಪಟ್ಟು ನುಗ್ಗಬೇಕು.

ಹೊಸ ಬೀಗ ಬಿದ್ದ ಮೇಲೆ ಹಿಟ್ಟು ಬೀಳುವುದು ನಿಂತಿತು. ಎಷ್ಟು ಹಿಗ್ಗಿದೆ ಎಂದರೆ, ಅವತ್ತು ಸಿಹಿಯೆಂದು ಸಜ್ಜಕ ಮಾಡಿದೆ. ನೋಡಿದಿರಾ, ಬೀಗಕ್ಕೆ ಹೆದರುವುದು ಮನುಷ್ಯರೇ. ಹಳೆಯ ಬೀಗಕ್ಕೆ ಯಾರ ಹತ್ತಿರವೋ ಇನ್ನೊಂದು ಕೀಲಿಕೈ ಇತ್ತು, ಅಷ್ಟೇ. ಅದು ಯಾರೆಂದು ಕಂಡುಹಿಡಿಯುವುದಷ್ಟೇ ಉಳಿದಿತ್ತು. ಕಲ್ಲನ್ನು ಮುಟ್ಟಿ ತಳ್ಳಿಯೂ ನೋಡಿದೆ. ಗೂಟವಿಲ್ಲದೆ ಒಬ್ಬರಿಂದ ತಿರುಗುವುದಿಲ್ಲ. ಅಂಚಿಗೆ ಅಂಗೈ ಕೊಟ್ಟು ತಳ್ಳಬಹುದು, ಆದರೆ ಆಚೆಯಿಂದ ಇನ್ನೊಬ್ಬರು ಕೈ ಕೊಡಬೇಕು. ಅಂದರೆ ಇಬ್ಬರು ಬೇಕು. ಆ ಇಬ್ಬರು ಯಾರಿರಬಹುದು ಎಂದು ಊರಿನ ಜೋಡಿಗಳನ್ನೆಲ್ಲ ಮನಸ್ಸಿನಲ್ಲಿ ಕೂಡಿಸಿ ನೋಡಿದೆ. ಒಂದು ಜೋಡಿಯನ್ನು ಬಿಟ್ಟು.

ಕಾರ್ಯಕ್ರಮದ ದಿನ ಬಂತು. ಮಧ್ಯಾಹ್ನದ ಊಟ ಮುಗಿಸಿ ಜನ ಸೇರಿದರು. ಅಂಗಳಕ್ಕೆ ಶಾಮಿಯಾನ, ನೆಲಕ್ಕೆ ಜಮಖಾನ. ರಾಯಬಾಗದಿಂದ ತಂದ ಸ್ಪೀಕರ್ ಪೆಟ್ಟಿಗೆಗಳು ಎರಡೂ ಮಗ್ಗುಲಿಗೆ. ನಾಟಕಕ್ಕೆ ನಿಜವಾದ ಕಲ್ಲನ್ನು ಹೊರಗೆ ತರಬೇಕೆಂದು ಮಾಸ್ತರರ ಆಸೆ. ನೆಗೆಣ್ಣಿಯರು ಒಪ್ಪಲಿಲ್ಲ. ಹಾಗಾಗಿ ಥರ್ಮಾಕೋಲಿನಲ್ಲಿ ಬೀಸುಕಲ್ಲು ಕೆತ್ತಿ, ಕಪ್ಪು ಬಣ್ಣ ಬಳಿದು, ಚೆಂದವಾಗಿ ಮಾಡಿದ್ದರು. ಪಾರವ್ವ ಜಮಖಾನದ ಈ ತುದಿಗೆ ಕೂತಳು, ಶಾಲನ್ ಆ ತುದಿಗೆ. ನಡುವೆ ಅರ್ಧ ಊರು. ನಾನು ಸಂಗ್ರಹಾಲಯದ ಬಾಗಿಲಿಗೆ ಬೆನ್ನು ಕೊಟ್ಟು ಕಟ್ಟೆಯ ಮೇಲೆ ಕೂತೆ. ಬೀಗ, ನೂಲು, ಹೊಸ್ತಿಲ ಗೆರೆ ಎಲ್ಲವನ್ನೂ ನೋಡಿಯೇ ಕೂತಿದ್ದೆ.

ಪದಗಳು ಚೆನ್ನಾಗಿ ಆದವು. ನಾಟಕ ಶುರುವಾಗಿ ಸ್ವಲ್ಪ ಹೊತ್ತಿಗೆ ಕರೆಂಟ್ ಹೋಯಿತು. ನಮ್ಮ ಕಡೆ ಅದು ಹೊಸದಲ್ಲ. ಮಾಸ್ತರರು, “ಬಾಯಿಲೇ ಜೋರಾಗಿ ಹೇಳ್ರಿ, ನಿಂದರಬ್ಯಾಡ್ರಿ” ಎಂದು ಕೂಗಿದರು. ನಾನು ಚಹಾಕ್ಕೆ ನೀರಿಟ್ಟಿದ್ದು ನೆನಪಾಗಿ ಎದುರಿನ ನಮ್ಮ ಮನೆಗೆ ಹೋದೆ. ಒಲೆ ಆರಿಸಿ ಕಿಟಲಿಗೆ ಚಹಾ ಬಗ್ಗಿಸುತ್ತಿರುವಾಗ ಬೀಸುವ ಸದ್ದು ಕೇಳಿಸಿತು. ಗರ್ರ್ ಎಂದು, ತುಂಬಿದ ಸದ್ದು. ಕರೆಂಟ್ ಬಂದಿರಬೇಕು, ಮಾಸ್ತರರು ಸ್ಪೀಕರಿನಲ್ಲಿ ಹಾಕಿದ್ದಾರೆ ಎಂದುಕೊಂಡೆ. ಎಷ್ಟು ಚೆನ್ನಾಗಿ ಹಿಡಿದು ತಂದಿದ್ದಾರೆ ಎಂದು ಮೆಚ್ಚಿದೆ ಕೂಡ. ಕಿಟಲಿ ಹಿಡಿದು ಹೊರಗೆ ಬಂದಾಗ ವೇದಿಕೆಯ ಮೇಲೆ ನೆಗೆಣ್ಣಿಯರ ದೃಶ್ಯ ನಡೆದಿತ್ತು. ಇಬ್ಬರು ಥರ್ಮಾಕೋಲಿನ ಕಲ್ಲು ತಿರುಗಿಸುತ್ತಿದ್ದರು. ಸದ್ದು ಅವರ ಕೈಗೆ ಸರಿಯಾಗಿ ಹೊಂದುತ್ತಿತ್ತು. ಅಲ್ಲ, ಅವರೇ ಸದ್ದಿಗೆ ಕೈ ಹೊಂದಿಸಿಕೊಳ್ಳುತ್ತಿದ್ದರು.

ಜನ ಕಟ್ಟಿಹಾಕಿದಂತೆ ಕೂತಿದ್ದರು. ನಾನು ಕಟ್ಟೆಯ ಹತ್ತಿರ ಬಂದೆ. ಕರೆಂಟ್ ಇನ್ನೂ ಬಂದಿರಲಿಲ್ಲ. ಸದ್ದು ಸ್ಪೀಕರಿನಿಂದ ಬರುತ್ತಿರಲಿಲ್ಲ. ನನ್ನ ಹಿಂದಿನಿಂದ, ಬಾಗಿಲ ಹಿಂದಿನಿಂದ ಬರುತ್ತಿತ್ತು.

ಚಿಕ್ಕವಳಿದ್ದಾಗ ನಾನು ನಮ್ಮವ್ವನ ಎದುರು ಕೂತು ಬೀಸಿದ್ದೇನೆ. ಒಬ್ಬರೇ ಬೀಸುವ ಸದ್ದು ಬೇರೆ, ಇಬ್ಬರು ಬೀಸುವ ಸದ್ದು ಬೇರೆ. ಒಬ್ಬರೇ ಬೀಸಿದರೆ ಕೈ ದೂರ ಹೋಗಿ ತಿರುಗುವಲ್ಲಿ ಸದ್ದು ಒಮ್ಮೆ ಮುಗ್ಗರಿಸುತ್ತದೆ. ಇಬ್ಬರು ಬೀಸಿದರೆ ಒಬ್ಬರ ಕೈ ಸೋಲುವಲ್ಲಿ ಇನ್ನೊಬ್ಬರ ಕೈ ಎಳೆದುಕೊಳ್ಳುತ್ತದೆ, ಸದ್ದು ಮುರಿಯುವುದಿಲ್ಲ. ಬಾಗಿಲ ಹಿಂದೆ ಸದ್ದು ಮುರಿಯುತ್ತಿರಲಿಲ್ಲ.

ಆಗ ನಾನು ನೋಡಿದ್ದು ಆ ಇಬ್ಬರನ್ನು. ಪಾರವ್ವ ತನ್ನ ತುದಿಯಲ್ಲಿ, ಶಾಲನ್ ತನ್ನ ತುದಿಯಲ್ಲಿ, ಇಬ್ಬರೂ ಕೂತಲ್ಲೇ ಇದ್ದರು. ಪಾರವ್ವನ ತಲೆ ಸ್ವಲ್ಪ ವಾಲಿತ್ತು, ಒಲೆಯ ಮೇಲಿನ ಎಸರಿಗೆ ಕಿವಿಗೊಡುವವರ ಹಾಗೆ. ಅವಳು ವೇದಿಕೆಯ ಕಡೆಗೇ ಮುಖ ಮಾಡಿ ಎಲ್ಲರಿಗೂ ಕೇಳುವಂತೆ ಹೇಳಿದಳು:

“ಕಾಳ ಭಾಳ ಹಾಕಾಕತ್ತಾರ.”

ಆ ತುದಿಯಿಂದ ಶಾಲನ್, ಅವಳೂ ವೇದಿಕೆಯನ್ನೇ ನೋಡುತ್ತ, “ಹೂಂ. ಸಣ್ಣ ಬರೂದಿಲ್ಲ” ಎಂದಳು.

ಜನರ ತಲೆಗಳೆಲ್ಲ ಈ ತುದಿಯಿಂದ ಆ ತುದಿಗೆ ತಿರುಗಿದವು. ಇಷ್ಟು ವರ್ಷದಲ್ಲಿ ಅವರ ನಡುವೆ ಆದ ಮೊದಲ ಮಾತು ಅದು; ಅದನ್ನು ಮಾತು ಎನ್ನಬಹುದಾದರೆ. ಯಾರೋ ಚಪ್ಪಾಳೆ ಹೊಡೆದರು. ದೃಶ್ಯ ಮುಗಿಯಿತು. ಸದ್ದು ಅದರ ಜೊತೆಗೇ ನಿಲ್ಲಲಿಲ್ಲ, ಇನ್ನೂ ತುಸು ಹೊತ್ತು ನಡೆದು, ಕಾಳು ತೀರಿದಾಗ ಬೀಸುವವರು ಕೈ ಬಿಡುವಂತೆ ನಿಧಾನವಾಗಿ ನಿಂತಿತು.

ಮಾಸ್ತರರು ಬೆವರು ಒರೆಸಿಕೊಳ್ಳುತ್ತ ನನ್ನ ಹತ್ತಿರ ಬಂದರು. “ಅಕ್ಕಾರ, ಕರೆಂಟ್ ಹ್ವಾದ ಕೂಡಲೇ ನನ್ನ ಜೀಂವಾನ ಹೋಗಿತ್ತು. ಆದ್ರ ನೀವು ಒಳಗಿಂದ ಸೌಂಡ್ ಏನ ಕೊಡಿಸಿದ್ರಿ! ಯಾರನ್ನ ಕೂಡಿಸಿದ್ರಿ ಒಳಗ?”

ನನ್ನ ಕೈಯಲ್ಲಿ ಕಿಟಲಿ ಇತ್ತು. ಅದನ್ನು ಕಟ್ಟೆಯ ಮೇಲಿಟ್ಟೆ. ಬಾಗಿಲು ತೋರಿಸಿದೆ. ಬೀಗ ಹಾಗೆಯೇ. ನೂಲಿಗೆ ನಾನು ಹಾಕಿದ ಗಂಟು ಹಾಗೆಯೇ. ಹೊಸ್ತಿಲ ಗೆರೆಯ ಮೇಲೆ ಒಂದು ಇರುವೆ ನಡೆದಿದ್ದರೂ ಗೊತ್ತಾಗುವಷ್ಟು ಅದು ನೆಟ್ಟಗಿತ್ತು. ಬೀಗ ತೆಗೆಯುವಾಗ ಹಿಂದೆ ಯಾರೋ ಬಂದು ನಿಂತರು. ಒಂದು ಕಡೆ ಪಾರವ್ವ, ಇನ್ನೊಂದು ಕಡೆ ಶಾಲನ್. ನಾನು ಕರೆದಿರಲಿಲ್ಲ.

ಒಳಗೆ ಯಾರೂ ಇರಲಿಲ್ಲ. ಕೋಣೆಯಲ್ಲಿ ಬಿಸಿಯಾದ ಹಿಟ್ಟಿನ ವಾಸನೆ. ಕಲ್ಲಿನ ಸುತ್ತ, ನೆಲದ ಮೇಲೆ, ಹಿಟ್ಟು ದುಂಡಗೆ ಬಿದ್ದಿತ್ತು, ಒಂದು ಮನೆಯ ರೊಟ್ಟಿಗೆ ಆಗುವಷ್ಟು. ನಾನು ಬಗ್ಗಿ ಕೈಯಿಟ್ಟೆ. ಬೆಚ್ಚಗಿತ್ತು. ಆಗಷ್ಟೇ ಬೀಸಿದ ಹಿಟ್ಟು ಬೆಚ್ಚಗಿರುತ್ತದೆಂದು ಬೀಸಿದವರಿಗೆಲ್ಲ ಗೊತ್ತು. ಆಮೇಲೆ ನೋಡಿದ್ದು ಗೂಟದ ತೂತು. ಮಣ್ಣಿನ ಗೂಡಿಗೆ ಏನೂ ಆಗಿರಲಿಲ್ಲ. ಅದರ ಮೇಲೆ ಹಿಟ್ಟಿನ ಪುಡಿ ಮಂಜಿನಂತೆ ಕೂತಿತ್ತು, ಅಷ್ಟೇ.

ಮಾಸ್ತರರು ಬಾಗಿಲಲ್ಲೇ ನಿಂತುಬಿಟ್ಟರು. ನಾಟಕಕ್ಕೆಂದು ಬಣ್ಣ ಹಚ್ಚಿದ್ದ ಅವರ ಮುಖದಲ್ಲಿ ಭಯವಿತ್ತೋ ಇಲ್ಲವೋ, ಬಣ್ಣದಡಿ ಗೊತ್ತಾಗಲಿಲ್ಲ. ಆದರೆ ಆ ಹೆಂಗಸರಿಬ್ಬರ ಮುಖ ನಾನು ಚೆನ್ನಾಗಿ ನೋಡಿದೆ. ನನಗೆ ಇವತ್ತಿಗೂ ನಿದ್ದೆ ಕೆಡಿಸುವುದು ಅದೇ. ಅವರ ಮುಖದಲ್ಲಿ ಆಶ್ಚರ್ಯ ಇರಲಿಲ್ಲ. ಯಾರು, ಹೇಗೆ ಎಂದು ಒಬ್ಬರೂ ಕೇಳಲಿಲ್ಲ. ಆವರೆಗೆ ಒಬ್ಬರ ಮೇಲೊಬ್ಬರು ತಪ್ಪು ಹೊರಿಸಿದವರು ಅವರೇ.

ಪಾರವ್ವ ಮಂಡಿಯೂರಿ ಕೂತಳು. ಅಂಗೈಯ ಅಂಚಿನಿಂದ ಹಿಟ್ಟನ್ನೆಲ್ಲ ಬಳಿದು ಒಂದು ಗುಡ್ಡೆ ಮಾಡಿದಳು. ಆಮೇಲೆ ಅದೇ ಅಂಚಿನಿಂದ ನಡುವೆ ಕೊಯ್ದು ಎರಡು ಮಾಡಿದಳು. ಒಂದನ್ನು ತನ್ನ ಸೆರಗಿಗೆ ತುಂಬಿಕೊಂಡು ಎದ್ದಳು. ಶಾಲನ್ ಬಗ್ಗಿ ಇನ್ನೊಂದನ್ನು ತುಂಬಿಕೊಂಡಳು. ಒಬ್ಬರ ಹಿಂದೆ ಒಬ್ಬರು ಹೊರಗೆ ಹೋದರು. ಕಲ್ಲಿನ ಮಾತನ್ನು ಇಬ್ಬರೂ ಎತ್ತಲಿಲ್ಲ. ಅದು ಇವತ್ತಿಗೂ ಅಲ್ಲಿಯೇ ಇದೆ, ಅವಳ ಅರ್ಧ ಮೇಲೆ, ಇವಳ ಅರ್ಧ ಕೆಳಗೆ.

ಎಲ್ಲ ಮುಗಿದು ಶಾಮಿಯಾನ ಬಿಚ್ಚುವಾಗ ಮಾಸ್ತರರು, “ಅಕ್ಕಾರ, ನಿಮಗ ಇಷ್ಟ ನಾಟಕಾ ಬರತೈತಿ ಅಂತ ನನಗ ಗೊತ್ತಿರಲಿಲ್ಲ ಬಿಡ್ರಿ” ಎಂದರು. ನಗುತ್ತ ಹೇಳಿದರೋ ಹೆದರಿ ಹೇಳಿದರೋ ತಿಳಿಯಲಿಲ್ಲ. ಅವರ ಅನುಮಾನ ನನ್ನ ಮೇಲೆ. ಕೀಲಿಕೈ ಮಾತ್ರ ನನ್ನಿಂದ ತೆಗೆದುಕೊಳ್ಳಲಿಲ್ಲ; ತೆಗೆದುಕೊಳ್ಳಲು ಬೇರೆ ಯಾರೂ ಮುಂದೆ ಬರಲಿಲ್ಲ.

ಇದೆಲ್ಲ ಆಗಿ ಕೆಲವು ವರ್ಷಗಳಾದವು. ಹಿಟ್ಟು ಮತ್ತೆ ಬೀಳಲಿಲ್ಲ. ನಾನು ಎಷ್ಟೋ ಸಲ ಕೂತು ಈ ಗಂಟು ಬಿಡಿಸಲು ನೋಡಿದ್ದೇನೆ. ಮೊದಲು ಬಿದ್ದ ಹಿಟ್ಟನ್ನು ಬಿಡಿಸಬಹುದು. ಹಳೆಯ ಬೀಗಕ್ಕೆ ಎರಡನೆಯ ಕೀಲಿಕೈ, ಅಂಚಿಗೆ ಅಂಗೈ ಕೊಟ್ಟ ಇಬ್ಬರು. ಆ ಇಬ್ಬರ ಜಗಳ ಊರಿಗೆ ತೋರಿಸುವುದಕ್ಕೆ, ಒಳಗೆ ಬೇರೆ ಏನೋ ಎಂದು ಇಟ್ಟುಕೊಂಡರೆ ಅಷ್ಟೂ ಸರಿಹೋಗುತ್ತದೆ. ಆದರೆ ಆ ಮಧ್ಯಾಹ್ನ ಅವರು ನನ್ನ ಕಣ್ಣೆದುರಿಗೆ ಕೂತಿದ್ದರು, ಕೀಲಿಕೈ ನನ್ನ ಸೊಂಟದಲ್ಲಿತ್ತು, ಕಲ್ಲು ತಿರುಗುತ್ತಿತ್ತು. ಅದನ್ನು ಯಾವ ಕಡೆಯಿಂದ ಎಳೆದರೂ ಬಿಡುವುದಿಲ್ಲ.

ಮೊನ್ನೆ ಗಿರಣಿಯಲ್ಲಿ ಪಾರವ್ವ ಸಿಕ್ಕಿದ್ದಳು. ಪಾಳಿಯಲ್ಲಿ ನಾವಿಬ್ಬರೇ. ಧೈರ್ಯ ಮಾಡಿ ಕೇಳಿಯೇಬಿಟ್ಟೆ.

“ಪಾರವ್ವಕ್ಕಾ, ಖರೇ ಹೇಳ. ಮೊದಲ ಬಿದ್ದಿತ್ತಲ್ಲಾ ಹಿಟ್ಟ, ಅದನ್ನ ನೀವಿಬ್ಬರ ಕೂಡಿ ಬೀಸಿದ್ರ್ಯಾ?”

ಅವಳು ನನ್ನನ್ನು ಮೇಲಿಂದ ಕೆಳಗೆ ನೋಡಿದಳು.

“ಆಕೀ ಕೂಡ? ಆಕೀ ಎದರಿಗೆ ಕುಂತು? ಅದನ್ನ ನಂಬೂದಕಿಂತಾ ಕಲ್ಲ ತಾನ ತಿರಗೇತಿ ಅಂತ ನಂಬ ಬೇ ತಂಗಿ. ಅದ ಸಲೀಸ.”

ಅಷ್ಟರಲ್ಲಿ ಗಿರಣಿಯವನು ಅವಳ ಹಿಟ್ಟು ಕೊಟ್ಟ. ಅವಳ ಕೈಯಲ್ಲಿ ಎರಡು ಡಬ್ಬಿ ಇದ್ದವು. ನಮ್ಮೂರ ಗಿರಣಿಯಲ್ಲಿ ಡಬ್ಬಿ ಅದಲುಬದಲಾಗಬಾರದೆಂದು ಎಲ್ಲರೂ ಮುಚ್ಚಳಕ್ಕೆ ಬಣ್ಣದ ಗುರುತು ಹಾಕಿರುತ್ತೇವೆ. ಪಾರವ್ವನದು ಕೆಂಪು. ಎರಡನೆಯ ಡಬ್ಬಿಯ ಮುಚ್ಚಳದ ಮೇಲೆ ಹಸಿರು ಗುರುತಿತ್ತು. ಅದು ಶಾಲನ್‌ಳ ಮನೆಯದು. ನಾನು ನೋಡಿದ್ದನ್ನು ಅವಳು ನೋಡಿದಳು. ಡಬ್ಬಿಯನ್ನು ಇನ್ನೊಂದು ಮಗ್ಗುಲಿಗೆ ಬದಲಿಸಿಕೊಂಡು, ನನ್ನತ್ತ ತಿರುಗಿ ನೋಡದೆ ನಡೆದಳು.

ಮನೆಗೆ ಬಂದವಳು ಹಿಟ್ಟನ್ನು ಒಳಗಿಡದೆ ಹಾಗೆಯೇ ಚಾವಡಿಗೆ ಹೋಗಿ ಕೋಣೆ ತೆರೆದೆ. ಸಿಕ್ಕಿಬಿದ್ದಿರಿ ಎಂದು ಮನಸ್ಸು ಕುಣಿಯುತ್ತಿತ್ತು. ಕಲ್ಲಿನ ಮುಂದೆ ಕೂತು ಗೂಟದ ತೂತು ನೋಡಿದೆ. ಮರಿ ಎಂದೋ ಹಾರಿಹೋಗಿ ಗೂಡಿಗೆ ಒಂದು ಸಣ್ಣ ಕಣ್ಣು ಬಿದ್ದಿದೆ. ಮಣ್ಣು ಮಾತ್ರ ಗಟ್ಟಿಯಾಗಿ ಕೂತಿದೆ, ಅಂದಿನ ಹಿಟ್ಟು ಅದರ ಮೇಲೆ ಇನ್ನೂ ಬೆಳ್ಳಗೆ ಅಂಟಿಕೊಂಡಿದೆ. ಕಲ್ಲಿನ ಅಂಚಿಗೆ ಎರಡೂ ಅಂಗೈ ಕೊಟ್ಟು, ಬಲವೆಲ್ಲ ಹಾಕಿ ತಳ್ಳಿದೆ. ಅದು ಅಲುಗಲಿಲ್ಲ. ಎದುರಿಗೆ ಯಾರೂ ಇರಲಿಲ್ಲ.